ಜೋಡಿ ಎಕ್ಕದ ಮರ್ಯಾದೆ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ವಾರಗಿತ್ತಿಯೂ ಮೇಜು ಒರೆಸುವಷ್ಟರಲ್ಲೇ ಮಾವ ಇಸ್ಪೀಟು ಕಟ್ಟು ಹಿಡಿದು ಬಂದು ಕೂತಿರುತ್ತಿದ್ದರು. ಒದ್ದೆ ಆರಲಿ ಅನ್ನುವಷ್ಟೂ ತಾಳ್ಮೆಯಿಲ್ಲ. ಆಡುವವರು ನಾಲ್ವರು: ಮಾವ, ಬ್ರೆಡ್ಡಿನ ವ್ಯಾನ್ ಓಡಿಸುವ ಭಾವ, ಗಡಿಯಾರ ರಿಪೇರಿ ಮಾಡುವ ನನ್ನ ಗಂಡ, ಮತ್ತೆ ಪಕ್ಕದ ಮನೆಯ ಕನ್ನಡಕದಂಗಡಿಯವರು. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದರು.

ಅದು ನಾಲ್ಕೆಲೆಯ ಪೋಕರ್, ಒಮಾಹಾ ಅನ್ನುತ್ತಾರೆ. ಒಬ್ಬೊಬ್ಬರ ಕೈಗೆ ನಾಲ್ಕು ಎಲೆ, ಆಮೇಲೆ ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಐದು. ಕೈಯಿಂದ ಎರಡು, ಮೇಜಿನಿಂದ ಮೂರು ಕೂಡಿಸಿ ಯಾರದ್ದು ದೊಡ್ಡದೋ ಅವರು ಗೆದ್ದಂತೆ. ಮೇಜಿನ ಎಲೆ ತೆರೆಯುವ ಮೊದಲೂ ತೆರೆಯುತ್ತ ಹೋದಂತೆಯೂ ದುಡ್ಡಿನ ಲೆಕ್ಕದ ಬಿಲ್ಲೆ ಕಟ್ಟಬೇಕು. ಆದರೆ ಮಧ್ಯದ ರಾಶಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮಿತಿ ಇರುವ ಆಟ, ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು.

ಮುಳುಗಿಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಈ ಮನೆಯಲ್ಲಿ ಯಾರ ಕೈಗಾದರೂ ಜೋಡಿ ಎಕ್ಕ ಬಂದರೆ, ಮೇಜಿನ ಎಲೆ ತೆರೆಯುವ ಮೊದಲೇ ಮಿತಿ ಇರುವಷ್ಟೂ ಏರಿಸಬೇಕು, ಎದುರಿನವರು ಏರಿಸಿದರೆ ಮತ್ತೆ ಏರಿಸಬೇಕು. ಆಮೇಲೆ ಮೇಜಿನ ಮೇಲೆ ಏನೇ ಬೀಳಲಿ, ಎಲೆ ಬಿಡಕೂಡದು. ಬಿಲ್ಲೆ ಮುಗಿದರೆ ಮನೆಯವರು ತಮ್ಮದೇನಾದರೂ ತಂದು ಇಡಬೇಕು. ಇದು ಮಾವನ ಅಪ್ಪ ಹಾಕಿಕೊಟ್ಟದ್ದಂತೆ. ಇದಕ್ಕೆ 'ಎಕ್ಕದ ಮರ್ಯಾದೆ' ಎಂದು ಹೆಸರು. ಮರ್ಯಾದೆಯಂತೆ, ಮಣ್ಣಂತೆ!

ಹೀಗೆ ಅತ್ತೆಯ ಹೊಲಿಗೆ ಯಂತ್ರ ಹೋಯಿತು. ಆಮೇಲೆ ಭಾವನ ವ್ಯಾನ್ ಹೋಯಿತು. ಈಗ ಭಾವ ಅದೇ ವ್ಯಾನನ್ನು ಕನ್ನಡಕದವರಿಂದ ಬಾಡಿಗೆಗೆ ಪಡೆದು ಓಡಿಸುತ್ತಿದ್ದರು. ವಾರಗಿತ್ತಿ ಬೇಕರಿಯಲ್ಲಿ ತಟ್ಟೆ ತೊಳೆಯಲು ಹೋಗುತ್ತಿದ್ದಳು. ಉಳಿದದ್ದು ನಮ್ಮ ಗಡಿಯಾರದಂಗಡಿ ಒಂದೇ.

ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಜೋಡಿ ಕೈಯಲ್ಲಿದ್ದವರೇ ಸೋಲುವುದು ಹೇಗೆ? ಗಂಡನನ್ನು ಕೇಳಿದರೆ ಗ್ರಹಚಾರ ಅನ್ನುವರು. ಭಾವನನ್ನು ಕೇಳಿದರೆ ಎಲೆ ಸರಿಯಾಗಿ ಕಲಸಿಲ್ಲ ಅನ್ನುವರು. ಕನ್ನಡಕದವರು ಮೋಸ ಮಾಡುತ್ತಾರೆಂದು ವಾರಗಿತ್ತಿ ಕಿವಿಯಲ್ಲಿ ಊದಿದಳು. ನಾನು ಕಣ್ಣಲ್ಲಿ ಕಣ್ಣಿಟ್ಟು ಅವರ ಕೈ ಕಾದೆ. ಪಾಪ, ಆ ಮನುಷ್ಯ ಒಂದು ಎಲೆಯನ್ನೂ ಆಚೀಚೆ ಮಾಡಲಿಲ್ಲ.

ಒಂದು ದಿನ ಅವರು ವಾಚಿನ ಪಟ್ಟಿ ಬದಲಿಸಲು ಅಂಗಡಿಗೆ ಬಂದಾಗ ನೇರವಾಗಿ ಕೇಳಿಯೇಬಿಟ್ಟೆ. ಅವರು ಸಂಕೋಚದಿಂದ ಮುಖ ಕೆಳಗೆ ಮಾಡಿದರು.

"ನಿಮ್ಮನೇಲಿ ಯಾರಾದ್ರೂ ಮೊದಲೇ ಪೂರ್ತಿ ಏರಿಸಿದ್ರೆ ಕೈಲಿ ಜೋಡಿ ಎಕ್ಕ ಅಂತ ನನಗೆ ಗೊತ್ತಾಗೋಗತ್ತಮ್ಮ. ನನ್ನ ಕೈಲೇನಿದೆ ಅಂತ ನಿಮಗೆ ಗೊತ್ತಿರಲ್ಲ. ಒಂದಕ್ಕೊಂದು ಹೊಂದೋ ನಾಲ್ಕು ಎಲೆ ಇದ್ರೆ ನಾನು ಕೂರ್ತೀನಿ. ಮೇಜಿನ ಎಲೆ ಕೂಡಿ ಬಂದ್ರೆ ಕಟ್ತೀನಿ, ಇಲ್ದಿದ್ರೆ ಬಿಟ್ಬಿಡ್ತೀನಿ. ನಿಮ್ಮೋರು ಬಿಡೋ ಹಾಗಿಲ್ವಲ್ಲ."

"ಹಾಗಾದ್ರೆ ಜೋಡಿ ಎಕ್ಕ ಕೆಟ್ಟದ್ದಾ?"

"ಛೆ, ಮೊದಲಿಗೆ ಅದಕ್ಕಿಂತ ಒಳ್ಳೇ ಜೋಡಿ ಇಲ್ಲ. ಆದ್ರೆ ಜೊತೇಲಿರೋ ಎರಡು ಎಲೆ ದಂಡವಾದ್ರೆ, ಆ ಜೋಡಿ ಒಂದೇ ಎಷ್ಟು ಅಂತ ಹೊರುತ್ತೆ?"

ಒಳ್ಳೆಯದೂ ಹೌದು, ನಂಬುವಂತೆಯೂ ಇಲ್ಲ. ನನ್ನ ತಲೆ ಇನ್ನಷ್ಟು ಕೆಟ್ಟಿತು. ಆದರೂ ಒಂದು ಮಾತು ಹಿಡಿಯಿತು: ನಮ್ಮ ಕೈಲಿರುವುದನ್ನು ನಾವೇ ಡಂಗುರ ಸಾರಿ, ಆಮೇಲೆ ಕಟ್ಟಿಹಾಕಿದವರಂತೆ ಕೂರುತ್ತಿದ್ದೆವು. ರಾತ್ರಿ ಊಟಕ್ಕೆ ಬಡಿಸುತ್ತ ಇದನ್ನೇ ಮಾವನಿಗೆ ಹೇಳಿದೆ. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

"ಎಕ್ಕಕ್ಕಿಂತ ದೊಡ್ಡ ಎಲೆ ಯಾವ್ದಿದೆ ಹೇಳು ನೋಡೋಣ," ಎಂದರು.

"ಯಾವ್ದೂ ಇಲ್ಲ ಮಾವ."

"ಮತ್ತೆ? ನಮ್ಮಪ್ಪನಿಗಿಂತ ನೀನು ಜಾಸ್ತಿ ಕಂಡಿದ್ದೀಯಾ?"

ಉತ್ತರ ಹೊಳೆಯಲಿಲ್ಲ. ಸಾರು ಬಡಿಸಿ ಒಳಗೆ ಹೋದೆ.

ಅದೇ ವಾರ ಗಡಿಯಾರದ ಸ್ಪ್ರಿಂಗ್ ಒಂದು ಚಿಮ್ಮಿ ನನ್ನ ಗಂಡನ ಕಣ್ಣಿಗೆ ಬಡಿಯಿತು. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಮಗನ ಕುರ್ಚಿ ಖಾಲಿ ಇರಬಾರದೆಂದು ಮಾವ ಭಾನುವಾರ ನನ್ನನ್ನೇ ಅದರಲ್ಲಿ ಕೂರಿಸಿದರು. ಗಂಡ ನನ್ನ ಹಿಂದೆ ಕೂತರು. ನೋಡುನೋಡುತ್ತಲೇ ನನ್ನ ಮುಂದಿನ ಬಿಲ್ಲೆಗಳೆಲ್ಲ ಕರಗಿದವು.

ಮುಂದಿನ ಸಲ ಹಂಚಿದಾಗ ಎಲೆ ಎತ್ತಿ ನೋಡಿದೆ. ಎರಡು ಎಕ್ಕ, ಜೊತೆಗೆ ಯಾವುದಕ್ಕೂ ಹೊಂದದ ಒಂದು ಏಳು, ಒಂದು ಎರಡು. ಕನ್ನಡಕದವರು ಆಗಲೇ ಏರಿಸಿದ್ದರು, ಭಾವನೂ ಕೂಡಿದ್ದರು, ರಾಶಿ ದೊಡ್ಡದಾಗಿತ್ತು. ತಮ್ಮ ಎಲೆ ಬಿಟ್ಟು ಎದ್ದ ಮಾವ ನನ್ನ ಬೆನ್ನ ಹಿಂದೆ ಬಂದು ಇಣುಕಿ ನೋಡಿದರು.

"ಅಂಗಡಿ ಬೀಗದ ಕೈ ಇಡಮ್ಮ," ಎಂದರು.

ಅದಕ್ಕೆ ಎದುರಾಗಿ ವ್ಯಾನ್ ಇಡುವುದಾಗಿ ಕನ್ನಡಕದವರು ಮೆಲ್ಲಗೆ ಹೇಳಿದರು. ವಾರಗಿತ್ತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. ನನಗೆ ಯಾವುದು ಸರಿಯೋ ತಿಳಿಯಲಿಲ್ಲ. ಗೆದ್ದರೆ ಅವಳ ಬದುಕು ವಾಪಸು ಬರುತ್ತದೆ. ಸೋತರೆ ಪಟ್ಟಿ ಬಿಚ್ಚಿದ ಮೇಲೆ ನನ್ನ ಗಂಡ ಹೋಗಿ ಕೂರಲು ಒಂದು ಜಾಗವೂ ಇರುವುದಿಲ್ಲ. ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ಹಿಡಿದುಕೊಂಡೆ. ನಾಲ್ಕು ಎಲೆಗಳನ್ನೂ ಬೋರಲಾಗಿ ಮೇಜಿನ ಮೇಲಿಟ್ಟೆ.

"ನಾನು ಬಿಟ್ಟೆ."

ಈ ಮನೆಯಲ್ಲಿ ಜೋಡಿ ಎಕ್ಕವನ್ನು ಯಾರೂ ಹಾಗೆ ಬಿಟ್ಟದ್ದಿಲ್ಲ. ಮಾವನ ಪಿತ್ತ ನೆತ್ತಿಗೇರಿತು. ನನ್ನ ಎಲೆಗಳನ್ನು ಕಿತ್ತು ಎಲ್ಲರೆದುರು ತಿರುಗಿಸಿದರು. ಆಮೇಲೆ ಕಟ್ಟಿನಿಂದ ಮೇಜಿನ ಎಲೆಗಳನ್ನು ಒಂದೊಂದಾಗಿ ಬಡಿದರು. ನಾಲ್ಕು. ಇನ್ನೊಂದು ನಾಲ್ಕು. ಎಕ್ಕ. ಉಳಿದೆರಡರಿಂದ ಯಾರಿಗೂ ಏನೂ ಆಗಲಿಲ್ಲ. ಕನ್ನಡಕದವರೂ ಭಾವನೂ ತಮ್ಮ ಎಲೆ ತೋರಿಸಿದರು. ನನ್ನ ಮೂರು ಎಕ್ಕ, ಎರಡು ನಾಲ್ಕರ ಮುಂದೆ ಅವು ಲೆಕ್ಕಕ್ಕೇ ಇಲ್ಲ.

"ನೀನು ಗೆದ್ದಿರ್ತಿದ್ದೆ," ಎಂದರು ಮಾವ. "ನಿನ್ನ ವಾರಗಿತ್ತಿ ಮುಖ ನೋಡು."

ನೋಡಿದೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಪ್ಪು ಮಾಡಿದೆನೋ ಏನೋ, ಈ ಹೊತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಆದರೆ ಅಂದು ಸಿಗದೆ ಹೋದ ಉತ್ತರ ಆ ಗಳಿಗೆಯಲ್ಲಿ ಬಾಯಿಗೆ ಬಂತು.

"ಹೌದು ಮಾವ, ಗೆಲ್ತಿದ್ದೆ. ಇವತ್ತು ಗೆದ್ದಿದ್ರೆ ಇನ್ನು ಎಕ್ಕ ಬಂದಾಗೆಲ್ಲ ಬೀಗದ ಕೈ ಇಡ್ಲೇಬೇಕಾಗ್ತಿತ್ತು. ಸೋಲೋವರೆಗೂ ನೀವು ನನ್ನ ಏಳೋಕೆ ಬಿಡ್ತಿರ್ಲಿಲ್ಲ."

ಹಿಂದಿನಿಂದ ಗಂಡನ ಕೈ ತಡವರಿಸುತ್ತ ಬಂದು ನನ್ನ ಹೆಗಲ ಮೇಲೆ ಕೂತಿತು. ಮಾವ ಮೇಜಿನ ಎಲೆಗಳನ್ನೆಲ್ಲ ಬಾಚಿಕೊಂಡರು. ಕಟ್ಟು ಕಲಸಿ ಮತ್ತೆ ಹಂಚಿದರು. ನಾನು ಕುರ್ಚಿ ಬಿಟ್ಟು ಎದ್ದೆ. ಭಾವ ತಮ್ಮ ಮುಂದೆ ಬಿದ್ದ ನಾಲ್ಕು ಎಲೆಗಳನ್ನು ಮುಟ್ಟಲೇ ಇಲ್ಲ. ಹೆಂಡತಿಯ ಕಡೆ ಒಮ್ಮೆ ನೋಡಿ ಅವರೂ ಎದ್ದರು.

"ಏನು ಬಂದಿದೆ ಅಂತಾದ್ರೂ ನೋಡೋ," ಎನ್ನುತ್ತ ಮಾವ ಆ ಎಲೆಗಳನ್ನು ತಿರುಗಿಸಲು ಕೈ ಚಾಚಿದರು. ಅತ್ತೆ ಸ್ಟೂಲಿನಿಂದ ಎದ್ದು ಬಂದು ಅವರ ಕೈ ಹಿಡಿದುಕೊಂಡರು.

"ಬೇಡ, ನೋಡ್ಬೇಡಿ," ಎಂದರು.