ಮೊದಲು ನೀವು

ಬಿಳಿ ಗೆರೆ ಕೆಳಗಿದೆ, ಇನ್ನೂ ಕೆಳಗೇ ಇದೆ, ಪುಟ್ಟಿ ಅನ್ನುವ ಗಾಡಿಯ ಮುಂದಿನ ಚಕ್ರಕ್ಕೆ ಬೆಳಿಗ್ಗೆ ಎಂಜಿನಿಯರ್ ಆದ ಅವಳೇ ಸೀಮೆಸುಣ್ಣದಲ್ಲಿ ಎಳೆದದ್ದು, ಚಕ್ರ ಮಿಸುಕಿತೋ ಇಲ್ಲವೋ ದೂರದಿಂದಲೇ ತಿಳಿಯಲಿ ಅಂತ — ಪರೀಕ್ಷಾ ಮೈದಾನದ ಕೂಡುರಸ್ತೆಗೆ ನಾಲ್ಕು ಕಡೆಯಿಂದ ಚಾಲಕರಿಲ್ಲದ ನಾಲ್ಕು ಗಾಡಿಗಳು ಬಂದು ನಿಂತಿವೆ, ದೊಡ್ಡಕ್ಕ, ಭಾವ, ಮರಿ, ಪುಟ್ಟಿ, ಹೆಸರಿಟ್ಟವನು ಮೆಕ್ಯಾನಿಕ್, ನಂಬರಲ್ಲಿ ಕರೆದ್ರೆ ಬೇಜಾರು ಮಾಡ್ಕೋತಾವೆ ಮೇಡಂ ಅಂದಿದ್ದ, ಅವಳ ಬೆರಳು ಎಲ್ಲವನ್ನೂ ಒಟ್ಟಿಗೇ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ, ಡಿಕ್ಕಿಯಾಗುವ ಹಾಗಿದ್ದರೆ ಮಾತ್ರ ಒತ್ತಬೇಕು, ಉಳಿದಂತೆ ಅವುಗಳೇ ಮಾತಾಡಿಕೊಂಡು ದಾಟಬೇಕು, ಹೋದ ಸಲವೂ ಹೀಗೇ ನಿಂತವು, ಪಕ್ಕದವರಿಗೆ ದಾರಿ ಬಿಡಿ ಎಂದು ಕಲಿಸಿದ್ದು ಅವಳೇ ತಾನೇ, ಮೊದಲು ನೀವು, ಛೆ ಛೆ, ಮೊದಲು ನೀವು, ಬ್ಯಾಟರಿ ಇಳಿಯುವ ತನಕ ಮರ್ಯಾದೆ, ಎಷ್ಟು ಚೆನ್ನಾಗಿ ಬೆಳೆಸಿದ್ದೀರಮ್ಮ ಅಂದರು ನಿರ್ದೇಶಕರು, ಇನ್ನೊಂದು ಸಲ ಹೀಗಾದ್ರೆ ತಂಡ ಮುಚ್ಚಿಬಿಡೋಣ, ನಿಮ್ಮವರನ್ನೆಲ್ಲ ಬೇರೆ ಬೇರೆ ಕಡೆ ಹಾಕ್ತೀನಿ, ಅವತ್ತು ಮೆಕ್ಯಾನಿಕ್ ಊಟದ ಡಬ್ಬಿ ತೆರೆಯಲೇ ಇಲ್ಲ.

ಮರುದಿನ ಮನೆಯಲ್ಲೂ ಅದೇ ಪಾಡು, ಬಚ್ಚಲ ಬಾಗಿಲಲ್ಲಿ ಅವಳು, ಗಂಡ, ಅತ್ತೆ, ನೀವು ಹೋಗಿ ಅತ್ತೆ, ನೀನು ಹೋಗಮ್ಮ ನಿನಗೆ ಹೊತ್ತಾಗುತ್ತೆ, ಅಷ್ಟರಲ್ಲಿ ಮಗಳು ಟವೆಲ್ ಹೆಗಲಿಗೆ ಹಾಕಿಕೊಂಡು ಒಂದು ಕಾಲು ಒಳಗಿಟ್ಟು ನಿಂತಳು, ಎಲ್ಲರೂ ಸರಿದರು, ಯಾಕೇ ನುಗ್ತೀಯ ಅಂದರೆ, ನುಗ್ಲಿಲ್ಲಮ್ಮ, ಕಾಲಿಟ್ಟು ನೋಡ್ದೆ, ನೀವ್ಯಾರೂ ಬರ್ಲಿಲ್ಲ — ಅಮ್ಮನ ಬಾಯಲ್ಲಿ ಬ್ರಷ್ಷು ಹಾಗೇ ನಿಂತಿತು, ಕಾಲಿಟ್ಟು ನೋಡುವುದು, ಅದೇ, ಅದೇ, ನುಗ್ಗುವುದಲ್ಲ, ಬಿಟ್ಟುಕೊಡುವುದೂ ಅಲ್ಲ, ಒಂದು ಗೇಣು ಮುಂದೆ ಬಂದು ಉಳಿದವರ ಕಡೆ ನೋಡುವುದು, ಇಬ್ಬರು ಒಟ್ಟಿಗೇ ಕಾಲಿಟ್ಟರೆ ಇಬ್ಬರೂ ಸರಿಯುವುದು, ಅಡುಗೆಮನೆಯ ಮೇಜಿನ ಮೇಲೆ ಮಗಳ ಆಟದ ಕಾರುಗಳನ್ನೇ ಓಡಿಸಿ ನೋಡಿದಳು, ನನ್ನ ಕಾರು ಕೊಡಮ್ಮ ಅಂದರೂ ಕೊಡಲಿಲ್ಲ, ಗಾಡಿಗಳಿಗೆ ಹೊಸ ನಿಯಮ ಬರೆದಳು, ಅಳಿಸಿದಳು, ಬರೆದಳು — ಈಗ ಮೈದಾನದಲ್ಲಿ ನಿರ್ದೇಶಕರು ಪಕ್ಕದಲ್ಲಿ ಕೆಮ್ಮುತ್ತಾರೆ, ಮತ್ತೆ ಮರ್ಯಾದೆ ಶುರುವಾಯ್ತಾ ಅನ್ನುತ್ತಾರೆ, ತಡೀರಿ ಸಾರ್ ಅನ್ನುತ್ತಾನೆ ಮೆಕ್ಯಾನಿಕ್, ಬಿಳಿ ಗೆರೆ ಕೆಳಗೇ, ಭಾವ ಕದಲಿದ, ಅಯ್ಯೋ ಮರಿಯೂ, ಬೆರಳು ಗುಂಡಿಯನ್ನು ಮುಟ್ಟಿಯೇ ಬಿಟ್ಟಿತು, ಬೇಡ, ಒತ್ತಬೇಡ, ನೋಡು, ಇಬ್ಬರೂ ಸರಿದರು, ಹೇಳಿಕೊಟ್ಟ ಹಾಗೇ ಸರಿದರು, ಈಗ ದಾರಿ ಖಾಲಿ, ಬಾರೇ ಪುಟ್ಟಿ, ಯಾರೂ ಬರಲ್ಲ, ಕಾಲಿಟ್ಟು ನೋಡು, ಒಂದೇ ಒಂದು ಗೇಣು — ಬಿಳಿ ಗೆರೆ, ಕೆಳಗಿದ್ದ ಬಿಳಿ ಗೆರೆ, ನೆಲ ಬಿಟ್ಟು ಮೇಲಕ್ಕೆ