ಅರ್ಧ ದಿನದ ಮುಯ್ಯಿ

ಶ್ರಾವಣ. ನಾಲೆಗೆ ನೀರು ಬಿಟ್ಟು ವಾರವಾಗಿತ್ತು. ಕಿರಂಗೂರಿನ ಗದ್ದೆಯಲ್ಲಿ ಬೆಳಗಿನಿಂದಲೂ ನಾಟಿ. ಚಲುವರಾಜು ಪೈರಿನ ಕಟ್ಟುಗಳನ್ನು ಎಸೆಯುತ್ತಿದ್ದ. ಸಾಲಾಗಿ ಬಾಗಿದ ಹೆಂಗಸರು ಹಿಂದಕ್ಕೆ ಸರಿಯುತ್ತ ನೆಡುತ್ತಿದ್ದರು.

"ಲೇ ಚಲುವ, ಕಟ್ಟನ್ನ ನನ್ ಮಕಕ್ಕೇ ಎಸೀತೀಯಲ್ಲಾ! ಗ್ಯಾನ ಎಲ್ಲದೆ?" ಅವನ ತಾಯಿ ಚಿಕ್ಕಬೋರಮ್ಮ ಕೂಗಿದಳು.

ಗ್ಯಾನ ಶ್ರೀರಂಗಪಟ್ಟಣದಲ್ಲಿತ್ತು. ಡೇರಿಯ ಲೆಕ್ಕ ನೋಡುವ ಚಲುವರಾಜು ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅದರಲ್ಲಿ ಪ್ರೋಗ್ರಾಂ ಬರೆಯುವವರ ಬಳಗವೊಂದನ್ನು ಕಟ್ಟಿದ್ದ. ಭಾನುವಾರ ಮಧ್ಯಾಹ್ನ ಕೃಷ್ಣಮೂರ್ತಿಯ ಮಹಡಿಯಲ್ಲಿ ಸೇರುತ್ತಿದ್ದರು. ಕೃಷ್ಣಮೂರ್ತಿ ಅಕ್ಕಸಾಲಿಗರ ಮನೆಯವನು. ಕೆಳಗೆ ಒಡವೆ ಕೆಲಸ, ಮೇಲೆ ಕಂಪ್ಯೂಟರು. ಮೊದಲೆಲ್ಲ ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂರುತ್ತಿದ್ದರು. ಈಗ ತೊಂಬತ್ತೆಂಟನೇ ಇಸವಿ, ಎಲ್ಲರ ಬಾಯಲ್ಲೂ ವಿಷುಯಲ್ ಬೇಸಿಕ್, ಜಾವಾ ಎಂಬ ಹೊಸ ಭಾಷೆಗಳು. ಹೋದ ವಾರ ಒಬ್ಬರೂ ಬರಲಿಲ್ಲ. "ಈ ವಾರಾನೂ ನಾವಿಬ್ರೇ ಆದ್ರೆ ರೂಮನ್ನ ಟ್ಯೂಷನ್‌ನೋರಿಗೆ ಕೊಟ್ಬುಡ್ತೀನಿ ಕಣಪ್ಪ" ಎಂದಿದ್ದ ಕೃಷ್ಣಮೂರ್ತಿ.

ಇವತ್ತೇ ಆ ಭಾನುವಾರ.

ಪಕ್ಕದ ಗದ್ದೆಯ ಮರಿಯಯ್ಯ ಬದುವಿನ ಮೇಲೆ ಬಂದು ನಿಂತ. "ಏನ್ ಬೋರಕ್ಕ, ನಮ್ಮೋರು ಎರಡಾಳು ನಿನ್ ಗದ್ದೇಲಿ ಬಗ್ಗವ್ರೆ. ಮುಯ್ಯಿ ಯಾವತ್ತು ತೀರುಸ್ತೀಯೆ?"

"ನಿನ್ ನಾಟಿಗೆ ನಾವು ಮೂರಾಳು ಬತ್ತೀವಿ ಕಣೋ. ಹೆಚ್ಚಾದ ಒಂದಾಳಿಗೆ ನೀನೇ ಕುಯ್ಲಿಗೆ ಬಂದು ಬಗ್ಗು!"

ಮರಿಯಯ್ಯ ನಗುತ್ತ ಹೋದ. ಚಲುವರಾಜುವಿಗೆ ರೇಗಿತು. "ಕೂಲಿ ಕೊಟ್ಟು ಚುಕ್ತಾ ಮಾಡ್ಬುಡವ್ವ. ಅವನತ್ರ ಯಾಕೆ ಅನ್ನುಸ್ಕಂತೀಯ?"

"ಚುಕ್ತಾ ಮಾಡ್ಬುಟ್ರೆ ಅವ್ನು ನಮ್ ಬದುವಿಗೆ ಯಾಕ್ಲಾ ಬತ್ತಾನೆ? ನಾ ಸತ್ರೆ ಹೊರಾಕೂ ಬರಕಿಲ್ಲ." ಹೆಂಗಸರೆಲ್ಲ ಗೊಳ್ಳೆಂದರು.

ಚಲುವರಾಜು ಕಟ್ಟು ಹಿಡಿದು ಹಾಗೇ ನಿಂತ. ಬಳಗದವಳೇ ಆದ ಪಾಂಡವಪುರದ ರಮ್ಯಳ ಅಕ್ಕಿ ಗಿರಣಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟವನು ಅವನೇ. ನಾಗಮಂಗಲದ ದ್ಯಾವಯ್ಯನ ಗೊಬ್ಬರದಂಗಡಿಗೂ ಅವನೇ. 'ಸ್ನೇಹದಲ್ಲಿ ಲೆಕ್ಕ ಯಾಕೆ' ಎಂದು ಬೀಗುತ್ತಿದ್ದ. ತನ್ನ ಕೆಲಸವನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಲ್ಲರನ್ನೂ ಋಣವಿಲ್ಲದೆ ಕಳಿಸಿಬಿಟ್ಟಿದ್ದ.

ಬುತ್ತಿ ಉಂಡವನೇ ಕಾಲಿನ ಕೆಸರನ್ನು ಅರ್ಧಂಬರ್ಧ ತೊಳೆದುಕೊಂಡು ಸೈಕಲ್ ಹತ್ತಿದ. ಪಟ್ಟಣದ ಎಸ್‌ಟಿಡಿ ಬೂತಿನಿಂದ ರಮ್ಯಳಿಗೆ ಫೋನು ಮಾಡಿದ.

"ರಮ್ಯಾ, ಆ ಬಿಲ್ಲಿನ ಪ್ರೋಗ್ರಾಮಿನ ಮುಯ್ಯಿ ನಂಗೆ ಬರಬೇಕು. ಇವತ್ತು ಬಾರವ್ವ."

"ಇದೇನಣ್ಣ, ನಾಟಿಗೆ ಕರ್ದಂಗೆ ಕರೀತೀಯ!"

"ನಾಟೀನೇ ಅನ್ಕೊ. ಎರಡು ಸಾವಿರದ ಇಸವಿ ಬಂದ್ರೆ ನನ್ ಡೇರಿ ಪ್ರೋಗ್ರಾಂ ಸಾವಿರದ ಒಂಬೈನೂರು ಅಂತ ತಿಳ್ಕಂತದೆ. ಒಬ್ಬನ ಕೈಲಿ ಆಗಕಿಲ್ಲ."

ನಾಗಮಂಗಲಕ್ಕೂ ಫೋನು ಹಚ್ಚಿ ದ್ಯಾವಯ್ಯನಿಗೆ ಹಾಗೆಯೇ ಕೂಗಿ ಹೇಳಿದ.

ರಮ್ಯ ಸಿಕ್ಕಿದ ಮೊದಲ ಬಸ್ಸಿಗೇ ಬಂದಳು, ಕಡಲೆಪುರಿ ಪೊಟ್ಟಣದ ಸಮೇತ. ಸಂಜೆ ಹೊತ್ತಿಗೆ ದ್ಯಾವಯ್ಯ ಏದುತ್ತ ಮಹಡಿಯ ಮೆಟ್ಟಿಲು ಹತ್ತಿದ. "ನಂಗೂ ಅದೇ ರೋಗ ಕಣ್ಲಾ! ನನ್ ಅಂಗ್ಡೀಲೂ ಎರಡು ಸಾವಿರ ಅಂತ ಹಾಕುದ್ರೆ, ಸಾಲ ತಗಂಡೋರೆಲ್ಲ ಇನ್ನೂ ಹುಟ್ಟೇ ಇಲ್ಲ ಅಂತದೆ." ಮೂವರೂ ಒಂದೇ ಪರದೆಗೆ ತಲೆ ಕೊಟ್ಟು ಕಿತ್ತಾಡಿದರು, ಪುರಿ ಮುಕ್ಕಿದರು. ಗಲಾಟೆ ಕೇಳಿ ಕೃಷ್ಣಮೂರ್ತಿ ಮೇಲೆ ಬಂದವನು, ಗೋಡೆಗೆ ಒರಗಿಸಿಟ್ಟಿದ್ದ ಬೆಂಚನ್ನು ಇಳಿಸಿ ಹಾಕಿದ.

ತಾರೀಕಿನ ಭಾಗ ಸರಿಹೋಯಿತು. ವರದಿಗಳು ಉಳಿದವು.

"ಇನ್ನೊಂದ್ ಚೂರು ಕೂತ್ರೆ ಮುಗುದೋಯ್ತದೆ ಅಣ್ಣ," ರಮ್ಯ ಹೇಳಿದಳು. "ನಿನ್ ಮುಯ್ಯಿ ತೀರಿಸ್ಬುಟ್ಟೇ ಹೋಗ್ತೀನಿ."

ಚಲುವರಾಜು ಕೈಚಾಚಿ ಪರದೆ ಆರಿಸಿಬಿಟ್ಟ. "ಬ್ಯಾಡ ಕಣವ್ವ. ಅರ್ಧ ದಿನದ ಮುಯ್ಯಿ ನಿನ್ ಮೇಲೇ ಇರ್ಲಿ. ಬರೋ ಭಾನುವಾರ ದ್ಯಾವಯ್ಯಂದು ನೋಡುವ."

"ಅಂಗಾದ್ರೆ ನಾನೂ ನಿಮ್ಗೆ ಮುಯ್ಯಿ ಬಿದ್ದಂಗಾಯ್ತು ಅನ್ನು," ಎಂದ ದ್ಯಾವಯ್ಯ, ಪೊಟ್ಟಣದ ತಳದ ಪುರಿಯನ್ನು ಅಂಗೈಗೆ ಸುರಿದುಕೊಳ್ಳುತ್ತ.