ಕೋಳಿಕತ್ತಿನ ಕ್ಯಾಪ್ಟನ್

ಪಕ್ಕದ ಸಾಲಿನಿಂದ ಕೆಮ್ಮು ಕೇಳಿದ್ದೇ ತಡ, ಕ್ಯಾಪ್ಟನ್ ಹಾರ್ಲನ್ ಸ್ಟರ್ಲಿಂಗ್ ಕೈಯಲ್ಲಿದ್ದ ಏಡಿ ಬೋನನ್ನು ಎದೆಗೆ ಅವಚಿಕೊಂಡು ತೂಗುಹಾಕಿದ್ದ ಮಳೆಕೋಟುಗಳ ಹಿಂದೆ ಸರಿದ. ಆ ಕೆಮ್ಮನ್ನು ಅವನು ಮಂಜು ಕವಿದ ಕೊಲ್ಲಿಯಲ್ಲಿ ಎರಡು ಮೈಲಿ ದೂರದಿಂದ ಗುರುತು ಹಿಡಿಯಬಲ್ಲ. ಎರಡೇನು, ಐದು ಮೈಲಿ ಎಂದರೂ ನಾನು ಆಣೆ ಹಾಕಲು ಸಿದ್ಧ. ಅದು ಮೆಲ್ವಿನ್ ಡೈಜ್‌ನ ಕೆಮ್ಮು. ಐವತ್ತೆಂಟು ವರ್ಷ ಒಂದೇ ನೀರಿನಲ್ಲಿ ಅವನಿಗೆ ಎದುರಾಗಿ ಬೋನು ಬಿಟ್ಟವನ ಕೆಮ್ಮು.

ನಮ್ಮ ದ್ವೀಪದವರ ಕಣ್ಣಿಗೆ ಬೀಳಬಾರದೆಂದೇ ಹಾರ್ಲನ್ ಹನ್ನೆರಡು ಮೈಲಿ ನೀರು ದಾಟಿ, ಅಲ್ಲಿಂದ ಮೂವತ್ತೈದು ಮೈಲಿ ರಸ್ತೆ ಸವೆಸಿ ಸಾಲಿಸ್‌ಬರಿಯ ಈ ದೊಡ್ಡ ಅಂಗಡಿಗೆ ಬಂದಿದ್ದ. ಹೆಂಡತಿ ಆರ್ಡಿತ್‌ಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದಿದ್ದ. ಅವನ ಬಾಯಲ್ಲಿರುವ ಮೂವತ್ತೆರಡೂ ಕಟ್ಟಿಸಿದ ಹಲ್ಲೆಂದು ಗೊತ್ತಿದ್ದ ಆಕೆ, "ಹಾಗೇ ಮಾಡಿ, ಬಹಳ ನೋವಿರಬೇಕು" ಎಂದು ನಗು ತೋರಗೊಡದೆ ಕಳಿಸಿದ್ದಳು.

ಹಾರ್ಲನ್ ಹಿಡಿದ ಏಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಬಾಲ್ಟಿಮೋರ್ ಮುಟ್ಟಿ, ತಿರುಗಿ ಬಂದು, ನಮ್ಮ ಚರ್ಚಿಗೆ ಮೂರು ಸುತ್ತು ಹಾಕಿ ಇನ್ನೂ ಒಂದಷ್ಟು ಉಳಿಯುತ್ತವೆ. ನಾನು ನಿಲ್ಲಿಸಿ ನೋಡಿಲ್ಲ. ಆದರೆ ನಿಲ್ಲಿಸಿ ನೋಡಿದವರಿಗಿಂತ ನನಗೆ ಚೆನ್ನಾಗಿ ಗೊತ್ತು. ಅವನ ಬೋನುಗಳೆಂದರೆ ಎರಡು ಅಂತಸ್ತಿನವು, ಸೊಂಟದೆತ್ತರದವು, ದಿನಕ್ಕೆ ಮುನ್ನೂರು. ಅಂಥವನು ಈಗ ನಿಂತಿದ್ದು ಟೋಪಿಯಷ್ಟಗಲದ ಆಟಿಕೆ ಬೋನುಗಳ ಮುಂದೆ. ಬೇಸಿಗೆಯಲ್ಲಿ ಹೊರಗಿನ ಊರುಗಳಿಂದ ಬರುವ ಜನ ದಕ್ಕೆಯ ಮೇಲೆ ಕುಳಿತು, ದಾರಕ್ಕೆ ಕೋಳಿಯ ಕತ್ತು ಕಟ್ಟಿ ನೀರಿಗೆ ಇಳಿಬಿಟ್ಟು, ಒಂದು ಏಡಿ ಬಂದರೆ ನಾಲ್ಕು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅವರು ಒಯ್ಯುವ ಬೋನುಗಳು. ಅವರಿಗೆ ನಾವು ಇಟ್ಟ ಹೆಸರು ಕೋಳಿಕತ್ತು. ನಮ್ಮಲ್ಲಿ ಅದಕ್ಕಿಂತ ಕೀಳಾದ ಬೈಗುಳವಿಲ್ಲ. ಅದನ್ನು ಎಲ್ಲರಿಗಿಂತ ಹೆಚ್ಚು ಸಲ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದವನೂ ಹಾರ್ಲನ್‌ನೇ.

ಮಾರ್ಚಿನಲ್ಲಿ ಡಾಕ್ಟರು ಅವನ ಎದೆ ಬಿಚ್ಚಿ ಹೊಲಿದರು. ಇನ್ನು ಮೇಲೆ ಹಾಲಿನ ದೊಡ್ಡ ಡಬ್ಬಕ್ಕಿಂತ ಭಾರದ್ದು ಎತ್ತಕೂಡದು ಎಂದರು. ದೋಣಿ ಮಗಳು ಜೊಲೀನ್‌ಳ ಕೈಗೆ ಹೋಯಿತು. ಅದರಲ್ಲಿ ಅವನಿಗೆ ಹೆಮ್ಮೆಯೇ. ಅವಳು ಚುಕ್ಕಾಣಿ ಹಿಡಿದರೆ ಕೊಲ್ಲಿಯೇ ನೆಟ್ಟಗೆ ನಿಲ್ಲುತ್ತದೆ ಎಂದು ಅವನೇ ಊರೆಲ್ಲ ಹೇಳಿಕೊಂಡು ತಿರುಗಿದ. ತೊಡಕಾದದ್ದು ಬೇರೆ ಕಡೆ. ತಾನು ಹಿಡಿಯದ ಏಡಿಯನ್ನು ತಾನು ತಿನ್ನುವುದಿಲ್ಲ ಎಂದು ಹದಿನಾರನೇ ವಯಸ್ಸಿನಲ್ಲಿ ಆಡಿದ ಮಾತನ್ನು ಅವನು ಒಂದು ದಿನವೂ ಮುರಿದವನಲ್ಲ. ತನ್ನ ಮದುವೆಯ ಊಟಕ್ಕೂ ಬೆಳಗ್ಗೆ ತಾನೇ ಹೋಗಿ ಹಿಡಿದು ತಂದಿದ್ದ. ಮೇ ತಿಂಗಳಲ್ಲಿ ಜೊಲೀನ್ ಕ್ಯಾಪ್ಟನ್ ಆಗಿ ಹಿಡಿದ ಮೊದಲ ಬುಟ್ಟಿಯನ್ನು ತಂದು ಅಪ್ಪನ ಮೇಜಿನ ಮೇಲೆ ಸುರಿದಳು. ಹಾರ್ಲನ್ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದ. ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಆಮೇಲೆ ಶನಿವಾರದ ಊಟಕ್ಕೆ ಬರುವುದನ್ನು ನಿಲ್ಲಿಸಿದಳು, ಅಷ್ಟೆ.

ಹತ್ತು ಶನಿವಾರ ಮೇಜಿನ ಆ ಕುರ್ಚಿ ಖಾಲಿ ಇತ್ತು. ಹನ್ನೊಂದನೆಯದಕ್ಕೆ ಮುಂಚೆ ತನ್ನ ಕೈಯಾರೆ ಒಂದಿಷ್ಟು ಏಡಿ ಹಿಡಿದು, ಮಾತನ್ನೂ ಉಳಿಸಿಕೊಂಡು ಮಗಳನ್ನೂ ಕರೆಯಬೇಕೆಂಬುದು ಅವನ ಲೆಕ್ಕ. ದ್ವೀಪದ ಹಿಂದೆ, ಹಂದಿಗಳೂ ಹೋಗದ, ಕೆಸರು ನೀರಿನ ಒಂದು ಸಣ್ಣ ತೋಡು ಇದೆ. ಅಲ್ಲಿ ಒಬ್ಬನೇ ಕೂತು ಹಿಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದ.

"ಮಳೆಕೋಟು ತಗೊಳ್ಳೋಕೆ ಬಂದ್ಯಾ ಹಾರ್ಲನ್? ಹೊರಗೆ ಬಿಸಿಲು ಸುಡ್ತಾ ಇದೆ."

ಮೆಲ್ವಿನ್ ಎದುರಿಗೇ ನಿಂತಿದ್ದ. ಅವನ ಕಣ್ಣಿಗೆ ಪೊರೆ ಬಂದು, ಬೋನಿನ ಗುರುತಿಗೆ ಕಟ್ಟುವ ಒಂದು ತೇಲುಬುರುಡೆ ಎರಡಾಗಿ ಕಾಣತೊಡಗಿ, ದೋಣಿ ಬಿಟ್ಟು ಎರಡು ವರ್ಷವಾಗಿತ್ತು. ಅವನ ಕಂಕುಳಲ್ಲಿ ಗೋಪುರದಂಥ ಒಂದು ಪುಟ್ಟ ಬೋನು.

"ಇದು ನನಗಲ್ಲ," ಎಂದ ಹಾರ್ಲನ್. "ಆರ್ಡಿತ್ ತಂಗಿ ಅಳಿಯ ಪೆನ್ಸಿಲ್ವೇನಿಯಾದಿಂದ ಬರ್ತಾ ಇದಾನೆ. ಪಾಪ, ಅವನಿಗೆ ಆಸೆ."

"ನೋಡು, ನಮ್ಮ ಪಕ್ಕದ ಮನೆಗೆ ಬಂದಿರೋರೂ ಪೆನ್ಸಿಲ್ವೇನಿಯಾದೋರೇ! ಅಲ್ಲಿ ಒಬ್ರೂ ಉಳಿದಿಲ್ಲ ಅಂತ ಕಾಣುತ್ತೆ."

ಇಬ್ಬರೂ ಒಬ್ಬರ ಬೋನನ್ನು ಒಬ್ಬರು ನೋಡದ ಹಾಗೆ ನೋಡಿದರು. ಅಷ್ಟರಲ್ಲಿ ಅಂಗಡಿಯ ಹೆಂಗಸು ಬಂದಳು. ಎದೆಯ ಪಟ್ಟಿಯ ಮೇಲೆ ಪ್ಯಾಟ್ರಿಸ್ ಎಂದು ಬರೆದಿತ್ತು. ಒಹಾಯೊದಿಂದ ಬಂದು ನೆಲೆಸಿದವಳು, ಐವತ್ತರ ಆಸುಪಾಸು; ಮಾತು ಮಾತ್ರ ಜೇನು ಸುರಿದ ಹಾಗೆ.

"ಮೊದಲನೇ ಸಲವಾ ಸರ್? ಇಬ್ರೂನಾ? ಏನೂ ಭಯ ಬೇಡ, ಎಲ್ಲಾ ನಾನು ಹೇಳ್ಕೊಡ್ತೀನಿ." ಅವಳು ಹಾರ್ಲನ್‌ನ ಕೈಯಿಂದ ಬೋನು ಬಿಡಿಸಿಕೊಂಡಳು. "ಇದು ಮೇಲ್ಭಾಗ. ಇದು ಕೆಳಭಾಗ. ನೀರಿನ ತಳ ಮುಟ್ಟಿದಾಗ ಈ ನಾಲ್ಕು ಬಾಗಿಲೂ ತೆರ್ಕೊಳ್ಳುತ್ತೆ. ಹಗ್ಗ ಎಳೆದ್ರೆ ಮುಚ್ಕೊಳ್ಳುತ್ತೆ. ಏಡಿ ಸಿಕ್ಕಿಬಿಡುತ್ತೆ! ಆದ್ರೆ ಹುಷಾರು, ಅದಕ್ಕೆ ಇಕ್ಕಳದಂಥ ಕೊಂಬಿರುತ್ತೆ, ಕಚ್ಚುತ್ತೆ."

"ಕಚ್ಚುತ್ತಾ?" ಎಂದ ಮೆಲ್ವಿನ್. ಅವನ ಎಡಗೈಯ ಕಿರುಬೆರಳಿನ ತುದಿ ಇಲ್ಲ. ಯಾಕಿಲ್ಲ ಎಂದು ಹೇಳಬೇಕಿಲ್ಲವಲ್ಲ.

"ಕಚ್ಚುತ್ತಂತೆ ಮೆಲ್ವಿನ್, ನೀನು ದೂರಾನೇ ನಿಂತ್ಕೋ," ಎಂದ ಹಾರ್ಲನ್.

"ಇನ್ನೊಂದು ವಿಷ್ಯ. ಕೊಂಬಿನ ತುದಿ ಕೆಂಪಗೆ, ಉಗುರಿಗೆ ಬಣ್ಣ ಹಚ್ಚಿದ ಹಾಗಿದ್ರೆ ಅದು ಹೆಣ್ಣು. ವಾಪಸ್ ನೀರಿಗೆ ಬಿಡ್ಬೇಕು. ನೆನಪಿರುತ್ತಾ ಸರ್? ಬರ್ಕೊಡ್ಲಾ?"

ಕೊಲ್ಲಿಯ ಎರಡು ಸಿಂಹಗಳು ಶಾಲೆಯ ಮಕ್ಕಳಂತೆ ತಲೆ ಆಡಿಸಿದವು. ಒಬ್ಬ ಬಾಯಿ ಬಿಟ್ಟರೆ ಇನ್ನೊಬ್ಬನಿಗೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ಹೀಗೆ ಕಾಲು ಗಂಟೆ ತಡೆದುಕೊಂಡರು. ನಾನಾಗಿದ್ದರೆ ಅಂಗಡಿಯನ್ನೇ ಹೊತ್ತು ನೀರಿಗೆ ಎಸೆಯುತ್ತಿದ್ದೆ. ಕೊನೆಗೆ ಪ್ಯಾಟ್ರಿಸ್ ಮೇಲಿನ ಹಲಗೆಯಿಂದ ಗಿಳಿಹಸಿರು ಬಣ್ಣ ಬಳಿದ ಬೋನೊಂದನ್ನು ಇಳಿಸಿ, "ನಿಮ್ಮಂಥವರಿಗೆ ಇದೇ ಒಳ್ಳೇದು" ಎಂದಳು.

"ಅದಲ್ಲ!" ಎಂದರು ಇಬ್ಬರೂ, ಒಂದೇ ಉಸಿರಿಗೆ.

ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚುವವರು ಯಾರು? "ಗಾಳಿಪಟದ ಹಾಗೆ ಹಗುರ ಇದೆ ಅದು. ನೀರಿನ ಇಳಿತ ಶುರುವಾದ್ರೆ ಮೂರು ಮನೆ ಆಚೆ ಹೋಗಿ ಕೂತಿರುತ್ತೆ" ಎಂದ ಹಾರ್ಲನ್. "ಹಗುರ ಇರ್ಲಿ, ತಿರುಗಣಿ ನೋಡು, ತಗಡು! ಉಪ್ಪುನೀರು ಒಂದು ತಿಂಗಳಲ್ಲಿ ನೆಕ್ಕಿ ಹಾಕುತ್ತೆ" ಎಂದ ಮೆಲ್ವಿನ್, ಕಣ್ಣು ಮುಚ್ಚಿ ಬೆರಳಿನಲ್ಲೇ ಸವರಿ ನೋಡುತ್ತ. ಅವನ ಪ್ರಕಾರ ಗೋಪುರದ ಆಕಾರದ್ದೇ ಬೇಕು, ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಹಾರ್ಲನ್ ಒಪ್ಪಲಿಲ್ಲ. ಗೋಪುರದ ಬಾಗಿಲು ಮೂಲೆಯಲ್ಲಿ ಕೂಡುವುದಿಲ್ಲ, ಎಳೆಯುವಾಗ ಚುರುಕಾದ ಏಡಿ ಜಾರಿಕೊಳ್ಳುತ್ತದೆ. ಚೌಕದ ಪೆಟ್ಟಿಗೆಯೇ ಸರಿ. ಆದರೆ ಯಾವ ಪೆಟ್ಟಿಗೆ?

ಇದ್ದ ಹದಿನಾಲ್ಕನ್ನೂ ಅವನು ನೆಲಕ್ಕೆ ಇಳಿಸಿದ. ಒಂದೊಂದನ್ನೂ ಹಗ್ಗ ಹಿಡಿದು ಎತ್ತಿ, ಬಿಟ್ಟ. ಅಂಗಡಿಯ ನೆಲದ ಮೇಲೆ ಬಾಗಿಲುಗಳು ಠಣ್ಣನೆ ಬಿಚ್ಚಿಕೊಂಡವು. ಗಿರಾಕಿಗಳು ಗಾಡಿ ನಿಲ್ಲಿಸಿ ನೋಡತೊಡಗಿದರು. ನಾಲ್ಕು ಸದ್ದು ಕೇಳಿದರೆ ಆ ಬೋನು ಹಲಗೆಗೆ ವಾಪಸ್. ನಾಲ್ಕೂ ಬಾಗಿಲು ಒಂದೇ ಸದ್ದಿನಲ್ಲಿ ಬಿದ್ದರೆ ಮಂಡಿಯೂರಿ ಕೂತು, ಬಾಗಿಲ ಅಂಚಿನ ಕೆಳಗೆ ಹೆಬ್ಬೆರಳಿನ ಉಗುರು ತೂರಿಸಿ ನೋಡುವನು.

"ಏನು ನೋಡ್ತಿದೀರಿ ಸರ್?" ಎಂದಳು ಪ್ಯಾಟ್ರಿಸ್.

"ಸಂದು. ಉಗುರು ಹೋಗೋಷ್ಟು ಎದ್ದಿದ್ರೆ ಏಡಿ ಅಲ್ಲೇ ನಿಂತು ಯೋಚನೆ ಮಾಡುತ್ತೆ ಕಣಮ್ಮಾ. ಅದಕ್ಕೆ ಯೋಚನೆ ಮಾಡೋಕೆ ಟೈಮ್ ಕೊಡಬಾರದು."

ಹದಿನೊಂದನೆಯ ಬೋನು ಒಂದೇ ಸದ್ದು ಮಾಡಿ ನೆಲಕ್ಕೆ ಅಂಟಿದ ಹಾಗೆ ಬಿದ್ದಿತು. ಉಗುರು ಹೋಗಲಿಲ್ಲ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ತೂಗಿದ. ಒದ್ದೆಯಾಗಿ, ಐದು ಏಡಿ ಕೂತರೂ ಡಾಕ್ಟರು ಹೇಳಿದ್ದಕ್ಕಿಂತ ಕಡಿಮೆಯೇ. ಅದರ ಜೋಡಿ ಹದಿಮೂರನೆಯದರಲ್ಲಿ ಸಿಕ್ಕಿತು.

ಪ್ಯಾಟ್ರಿಸ್ ಕಣ್ಣರಳಿಸಿದಳು. "ಇವರು ಮುಂಚೆ ಏಡಿ ಹಿಡಿದಿದಾರಾ?" ಎಂದು ಮೆಲ್ವಿನ್‌ನನ್ನು ಕೇಳಿದಳು.

ಮೆಲ್ವಿನ್ ತನ್ನ ಕಂಕುಳಲ್ಲಿದ್ದ ಗೋಪುರವನ್ನು ಹಲಗೆಯ ಮೇಲಿಟ್ಟ.

"ಇವನಾ?" ಎಂದ. "ಇವನಿಗೆ ಏಡಿ ಯಾವುದು ಕಪ್ಪೆ ಯಾವುದು ಅಂತ ಗೊತ್ತಿಲ್ಲ ಕಣಮ್ಮಾ. ನೀರು ಕಂಡ್ರೆ ಹೆದರ್ತಾನೆ. ಇಂಥ ದಡ್ಡ ಈ ಕೊಲ್ಲೀಲಿ ಇನ್ನೊಬ್ಬ ಹುಟ್ಟಿಲ್ಲ."

ನಮ್ಮ ದ್ವೀಪದಲ್ಲಿ ಮಾತು ತಿರುವುಮುರುವು. ಮದುವಣಗಿತ್ತಿ ಅಪ್ಸರೆಯಂತಿದ್ದರೆ "ಏನು ಕುರೂಪ ಬಿಡು" ಎನ್ನುತ್ತೇವೆ. ಹೆಂಗಸರು ಆನಂದದಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಖದೆದುರೇ ನೇರವಾಗಿ ಹೊಗಳಿದರೆ ಅದು ಅವಮಾನ. ಐವತ್ತೆಂಟು ವರ್ಷವೂ ದಕ್ಕೆಯ ಮೇಲೆ ಎದುರಾದಾಗಲೆಲ್ಲ ಮೆಲ್ವಿನ್ ನಾಲ್ಕು ಜನಕ್ಕೆ ಕೇಳುವಂತೆ, "ಚೆನ್ನಾಗಿ ಹಿಡೀತೀಯ ಹಾರ್ಲನ್" ಎಂದೇ ಹೇಳುತ್ತ ಬಂದಿದ್ದ. ಪ್ರತಿ ಸಲವೂ ಹಾರ್ಲನ್ ಮನೆಗೆ ಬಂದು ಊಟ ಬಿಡುತ್ತಿದ್ದ.

ಈಗ ಅವನು ಮಂಡಿಯೂರಿದ್ದಲ್ಲೇ ಉಳಿದ. ಎದ್ದು ನಿಲ್ಲಲು ಒಂದು ಗಳಿಗೆ ಬೇಕಾಯಿತು. ಡಾಕ್ಟರು ಹೊಲಿದ ಜಾಗದಲ್ಲಿ ಏನೋ ಹಿಗ್ಗಿ ದಾರ ಕಿತ್ತುಬಂದೀತೆಂದು ಅಂಗಿಯ ಗುಂಡಿ ಹಿಡಿದುಕೊಂಡ. ಪಾಪದ ಪ್ಯಾಟ್ರಿಸ್, "ಬೇಜಾರು ಮಾಡ್ಕೋಬೇಡಿ ಸರ್, ಎಲ್ಲರೂ ಒಂದಿನ ಕಲೀಲೇಬೇಕು" ಎಂದು 'ಹೊಸಬರಿಗೆ ಏಡಿ ಹಿಡಿಯುವ ಕ್ರಮ' ಎಂಬ ಚೀಟಿಯನ್ನು ಅವನ ಜೇಬಿಗೆ ತುರುಕಿದಳು.

"ಇನ್ನೊಂದು ಜೋಡಿ ಹುಡುಕಿಕೊಡ್ಲಾ ನಿಂಗೆ?" ಎಂದ ಹಾರ್ಲನ್.

"ಪಕ್ಕದ ಮನೆಯೋರಿಗೆ," ಎಂದ ಮೆಲ್ವಿನ್.

"ಗೊತ್ತು ಕಣೋ. ಪಕ್ಕದ ಮನೆಯೋರಿಗೇ."

ಆ ಶನಿವಾರ ಹಾರ್ಲನ್ ಕೆಸರು ತೋಡಿಗೆ ಹೋಗಲಿಲ್ಲ. ಬೆಳಗ್ಗೆ ಎಂಟಕ್ಕೆ, ಇಡೀ ಊರು ಕಾಫಿ ಕುಡಿಯುತ್ತ ಬೆಂಚಿನ ಮೇಲೆ ಕೂತಿರುವ ಹೊತ್ತಿಗೆ ಸರಿಯಾಗಿ, ಎರಡು ಕೈಯಲ್ಲಿ ಎರಡು ಬೋನು ತೂಗಾಡಿಸಿಕೊಂಡು ದೊಡ್ಡ ದಕ್ಕೆಯ ನಟ್ಟನಡುವೆ ನಡೆದ. ಹಿಂದೆ ಕೋಳಿಕತ್ತಿನ ಪೊಟ್ಟಣ ಹಿಡಿದ ಮೆಲ್ವಿನ್. ಆ ನಡಿಗೆಗೆ ಬ್ಯಾಂಡ್ ಒಂದು ಇರಲಿಲ್ಲ, ಅಷ್ಟೇ ಕೊರತೆ.

"ಕೋಳಿಕತ್ತು!" ಎಂದು ಬೆಂಚಿನಿಂದ ಯಾರೋ ಕೂಗಿದರು. ನಗು ದಕ್ಕೆಯ ಉದ್ದಕ್ಕೂ ಓಡಿತು.

ಹಾರ್ಲನ್ ತಿರುಗಿ ನಿಂತು ಟೋಪಿ ತೆಗೆದ. "ಕ್ಯಾಪ್ಟನ್ ಕೋಳಿಕತ್ತು ಅನ್ನೋ. ನಾಲ್ಕು ಗಂಟೆಗೆ ಬಂದು ಬುಟ್ಟಿ ನೋಡು, ಆಮೇಲೆ ನಗು."

ನಾಲ್ಕು ಗಂಟೆಗೆ ಅವನ ಬುಟ್ಟಿಯಲ್ಲಿ ಹತ್ತೊಂಬತ್ತು ಗಂಡೇಡಿಗಳಿದ್ದವು. ಅದರಲ್ಲಿ ಒಂದು ಎಷ್ಟು ದೊಡ್ಡದೆಂದರೆ, ಅದು ಬೋನಿನಲ್ಲಿ ಬರಲಿಲ್ಲ, ಬೋನನ್ನೇ ಹೊತ್ತುಕೊಂಡು ಬಂತು. ಪೆನ್ಸಿಲ್ವೇನಿಯಾದಿಂದ ನಿಜವಾಗಿ ಬಂದಿದ್ದ ಒಂದು ಸಂಸಾರ ಅದರ ಫೋಟೋ ತೆಗೆಯಿತು. ಬೆಂಚಿನ ಮೇಲೆ ಯಾರೂ ನಗಲಿಲ್ಲ.

ಸಂಜೆ ಹಿತ್ತಲಲ್ಲಿ ಆರ್ಡಿತ್ ದೊಡ್ಡ ಪಾತ್ರೆಗೆ ವಿನೆಗರ್ರೂ ಬಿಯರ್ರೂ ಸುರಿದು ಒಲೆ ಹಚ್ಚಿದಳು. ಹಾರ್ಲನ್ ತನ್ನ ಹತ್ತೊಂಬತ್ತನ್ನೂ ಒಂದೊಂದಾಗಿ ಪಾತ್ರೆಯೊಳಗಿನ ತೂತಿನ ತಟ್ಟೆಯ ಮೇಲೆ ಜೋಡಿಸಿದ. ಅವು ಪಾತ್ರೆಯ ತಳದಲ್ಲಿ ಎರಡು ಪದರವಾಗಿ ಕೂತವು. ಅವನು ಮಗಳಿಗೆ ಫೋನು ಮಾಡಿ ಹೇಳಿದ್ದು ಎರಡೇ ಮಾತು: "ಏಡಿ ಇದೆ. ಬಾ."

ಜೊಲೀನ್ ಬಂದಳು. ಬಿಳಿ ರಬ್ಬರ್ ಬೂಟು ಬಿಚ್ಚಿರಲಿಲ್ಲ. ತೊಡೆಗೆ ಆನಿಸಿಕೊಂಡು ಒಂದು ಬುಟ್ಟಿ ಹಿಡಿದಿದ್ದಳು. ಮುಚ್ಚಳದ ಸಂದಿನಿಂದ ನೀಲಿ ಕೊಂಬೊಂದು ಗಾಳಿಯನ್ನು ಕಚ್ಚುತ್ತಿತ್ತು. ಪಾತ್ರೆಯೊಳಗೆ ಬಗ್ಗಿ ನೋಡಿದಳು.

"ದಕ್ಕೆಯಿಂದಲೇ?"

"ದಕ್ಕೆಯಿಂದಲೇ."

"ಹೇಳಿದ್ರು. ನನ್ನ ದೋಣಿ ಕಟ್ಟೋಕೂ ಬಿಡ್ದೆ ಹತ್ತು ಜನ ಬಂದು ಹೇಳಿದ್ರು." ಅವಳ ಬಾಯಿಯ ಒಂದು ಕೊನೆ ಮೇಲಕ್ಕೆದ್ದು ಇಳಿಯಿತು. ಬುಟ್ಟಿಯನ್ನು ಕೆಳಗಿಡಲಿಲ್ಲ. "ಪಾತ್ರೆ ಅರ್ಧಾನೂ ತುಂಬಿಲ್ಲ ಅಪ್ಪಾ."

ಆರ್ಡಿತ್ ಮಸಾಲೆ ಡಬ್ಬದ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ನಿಂತಳು. ಹಾರ್ಲನ್ ಪಾತ್ರೆಯನ್ನು ನೋಡಿದ, ಮಗಳ ಮುಂಗೈಯನ್ನು ನೋಡಿದ. ಹಗ್ಗ ಎಳೆದು ಎಳೆದು ಅದು ಅವನ ಕೈಯ ಹಾಗೇ ದಪ್ಪಗಾಗಿತ್ತು, ಬಿಸಿಲಿಗೆ ಕಂದಿತ್ತು.

"ಜಾಗ ಇದೆ, ಹಾಕು," ಎಂದ.

ಅವಳು ತನ್ನ ಏಡಿಗಳನ್ನು ಅವನವುಗಳ ಮೇಲೆ ಸುರಿದಳು. ಆರ್ಡಿತ್ ಕೆಂಪು ಮಸಾಲೆಯನ್ನು ಕೈತುಂಬ ತೂರಿ ಮುಚ್ಚಳ ಒತ್ತಿದಳು. ಏಡಿ ಬೇಯಲು ಅರ್ಧ ಗಂಟೆ ಬೇಕಿತ್ತು. ಜೊಲೀನ್ ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಚಿಪ್ಪು ಒಡೆಯುವ ಮರದ ಸುತ್ತಿಗೆಗಳನ್ನು ಇಡತೊಡಗಿದಳು.

ಪಾತ್ರೆಯನ್ನು ಮೇಜಿನ ಮೇಲೆ ಬೋರಲು ಹಾಕುವ ತನಕ ಹಾರ್ಲನ್ ಕಾಯಲಿಲ್ಲ. ಮುಚ್ಚಳ ಎತ್ತಿದ, ಆವಿ ಎದ್ದು ಅವನ ಕನ್ನಡಕ ಬೆಳ್ಳಗಾಯಿತು. ಒರೆಸಿಕೊಳ್ಳಲಿಲ್ಲ. ಕೈ ಹಾಕಿ ಎಲ್ಲಕ್ಕಿಂತ ಮೇಲಿದ್ದ, ಮಗಳು ಹಿಡಿದ ಏಡಿಯನ್ನು ತೆಗೆದು, ಸುಡುತ್ತದೆಂದು ಈ ಕೈಯಿಂದ ಆ ಕೈಗೆ ಎಸೆಯುತ್ತ ಬಂದು ಕುರ್ಚಿಯಲ್ಲಿ ಕೂತ. ಅದನ್ನು ಮಗುಚಿ, ಹೊಟ್ಟೆಯ ಕೆಳಗೆ ಹೆಬ್ಬೆರಳು ಕೊಟ್ಟು ಚಿಪ್ಪು ಎತ್ತಿದ.